ಹೊಸ ಕ್ರಿಪ್ಟೋ ಪ್ರಾಜೆಕ್ಟ್: ಪ್ರಚಾರ ಮಾಡಬಹುದಾ, ಮೋಸವಾ? ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕ ಚಾನೆಲ್ ಅಥವಾ ಗ್ರೂಪ್ ನಡೆಸುವವರಿಗಾಗಿ ಇದನ್ನು ಬರೆದಿದ್ದೇನೆ. ನಿಮ್ಮ ಮಾತನ್ನು ಕೆಲವು ನೂರೋ ಕೆಲವು ಸಾವಿರವೋ ಜನ ನಂಬುತ್ತಾರೆ. ಅದು ಗೊತ್ತಿರುವುದರಿಂದಲೇ ಹೊಸ ಟೋಕನ್‌ನವರು, ಅಂದರೆ ಹೊಸ ಕ್ರಿಪ್ಟೋ ನಾಣ್ಯ ಮಾಡಿದವರು, ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ. ನಾನೂ ಅಂಥ ಗ್ರೂಪ್ ನಡೆಸುತ್ತೇನೆ. ಒಮ್ಮೆ ಸರಿಯಾಗಿ ನೋಡದೆ ಒಂದು ಟೋಕನ್ ಬಗ್ಗೆ ಒಳ್ಳೆಯ ಮಾತು ಬರೆದು, ನಂಬಿದವರಿಗೆ ನಷ್ಟ ಮಾಡಿಸಿದ್ದೇನೆ. ಆ ಕಥೆ ಕೆಳಗಿದೆ. ಆಮೇಲೆ ಕಲಿತದ್ದನ್ನೆಲ್ಲ ಇಲ್ಲಿ ಹಾಕಿದ್ದೇನೆ.

ನಾನೇ ದುಡ್ಡು ಹಾಕುವುದಕ್ಕೂ ಪ್ರಚಾರ ಮಾಡುವುದಕ್ಕೂ ಅಷ್ಟೇನು ವ್ಯತ್ಯಾಸ?

ತುಂಬಾ ಇದೆ. ನೀವು ನೂರು ಡಾಲರ್ ಹಾಕುವಾಗ, ಅದು ಹೋದರೂ ತಡೆದುಕೊಳ್ಳಬಲ್ಲೆ ಎಂದು ನಿಮಗೆ ಗೊತ್ತಿರುತ್ತದೆ. ನಿಮ್ಮ ಮಾತು ಕೇಳಿ ಹಾಕುವವರು ಸಾಲ ಮಾಡಿ ಹಾಕಿರಬಹುದು, ಮಕ್ಕಳ ಫೀಸಿಗೆ ಇಟ್ಟಿದ್ದನ್ನು ಹಾಕಿರಬಹುದು. ಅದು ನಿಮಗೆ ಕಾಣುವುದಿಲ್ಲ. ನೀವು ಬೇಗ ಕೊಂಡು ಬೇಗ ಮಾರಿ ಹೊರಗೆ ಬಂದಿರಬಹುದು. ಅವರು ತಡವಾಗಿ ಬಂದು, ನೀವು ಇನ್ನೂ ಒಳಗಿದ್ದೀರಿ ಎಂದುಕೊಂಡು ಕಾಯುತ್ತಿರುತ್ತಾರೆ.

ಅದಕ್ಕೇ ನಾನು ಯಾವ ಪ್ರಾಜೆಕ್ಟ್ ನೋಡಿದರೂ ಒಂದು ಪ್ರಶ್ನೆ ಇಟ್ಟುಕೊಂಡು ನೋಡುತ್ತೇನೆ: ನನ್ನ ಮಾತು ಕೇಳಿ ಇವತ್ತು ಕೊಂಡವರು, ನಾಳೆ ಬೇಡ ಅನ್ನಿಸಿದರೆ ಮಾರಿ ಹೊರಗೆ ಬರಬಹುದಾ? ಬೆಲೆ ಏರುತ್ತದಾ ಇಳಿಯುತ್ತದಾ ಎಂಬುದು ಯಾರ ಕೈಯಲ್ಲೂ ಇಲ್ಲ. ಬಾಗಿಲು ತೆರೆದಿದೆಯಾ ಎಂಬುದನ್ನು ಮಾತ್ರ ಮೊದಲೇ ನೋಡಬಹುದು.

ಪ್ರಚಾರ ಮಾಡಿಕೊಡಿ ಅಂತ ಮೆಸೇಜ್ ಬಂದಿದೆ. ಮೊದಲು ಏನು ಮಾಡಲಿ?

ಅವರು ಕಳಿಸಿದ ಫೈಲ್ ತೆರೆಯಬೇಡಿ. ನಿಜವಾಗಿ ಇದೇ ಮೊದಲು.

‘ನಮ್ಮ ಪ್ರಾಜೆಕ್ಟ್ ಮಾಹಿತಿ’, ‘ಒಪ್ಪಂದ’, ‘ಹೊಸ ಆ್ಯಪ್ ಪರೀಕ್ಷೆ ಮಾಡಿ ನೋಡಿ’ ಎಂದು ಫೈಲ್ ಕಳಿಸುವುದು ಹಳೆಯ ತಂತ್ರ. ಅದನ್ನು ತೆರೆದರೆ ಬ್ರೌಸರ್‌ನಲ್ಲಿ ಉಳಿದಿರುವ ಲಾಗಿನ್ ಕದಿಯುವ ಸಾಫ್ಟ್‌ವೇರ್ ಕೂರುತ್ತದೆ. ಪಾಸ್‌ವರ್ಡ್ ಬೇಕಾಗುವುದಿಲ್ಲ, ಒಟಿಪಿ ಕೂಡ ಬೇಕಾಗುವುದಿಲ್ಲ. ಯೂಟ್ಯೂಬ್ ಚಾನೆಲ್‌ಗಳನ್ನು ಹೀಗೆ ಕದ್ದು, ಅವುಗಳಲ್ಲಿ ಕ್ರಿಪ್ಟೋ ಮೋಸದ ಲೈವ್ ಓಡಿಸಿದ ಬಗ್ಗೆ ಗೂಗಲ್‌ನ ಭದ್ರತಾ ತಂಡ 2021ರಲ್ಲೇ ಬರೆದಿತ್ತು. ಕೆಲವು ಸಲ ಪ್ರಾಜೆಕ್ಟೇ ಇರುವುದಿಲ್ಲ. ಅವರಿಗೆ ಬೇಕಾಗಿರುವುದು ನಿಮ್ಮ ಚಾನೆಲ್ ಅಷ್ಟೇ.

ಆಮೇಲೆ ಟೋಕನ್‌ನ ಕಾಂಟ್ರ್ಯಾಕ್ಟ್ ವಿಳಾಸ ಕೇಳಿ, ಅಂದರೆ ಆ ಟೋಕನ್‌ನ ಪ್ರೋಗ್ರಾಮ್ ಬ್ಲಾಕ್‌ಚೈನ್‌ನಲ್ಲಿ ಎಲ್ಲಿದೆ ಎಂಬ ವಿಳಾಸ. ಯಾವ ಬ್ಲಾಕ್‌ಚೈನ್‌ನಲ್ಲಿದೆ ಎಂದೂ ಕೇಳಿ. ಇಲ್ಲಿ ಮಾತು ತಿರುಗಿಸಿದರೆ ಅಥವಾ ‘ಮೊದಲು ಪೋಸ್ಟ್ ಹಾಕಿ, ಆಮೇಲೆ ಕೊಡುತ್ತೇವೆ’ ಎಂದರೆ ಮಾತು ಅಲ್ಲಿಗೇ ಮುಗಿಸಿ.

ಕೊಂಡ ಟೋಕನ್ ಮಾರಲು ಆಗುತ್ತದೋ ಇಲ್ಲವೋ ಅಂತ ಹೇಗೆ ತಿಳಿಯುವುದು?

ಮಾರಲು ಆಗದೇ ಇರುವುದು ಸಾಧ್ಯವಾ ಎಂದು ಹೊಸಬರು ಕೇಳುತ್ತಾರೆ. ಖಂಡಿತ ಸಾಧ್ಯ. ಟೋಕನ್ ಎಂದರೆ ಒಂದು ಚಿಕ್ಕ ಪ್ರೋಗ್ರಾಮ್. ಯಾರು ಕಳಿಸಬಹುದು, ಯಾರು ಕಳಿಸಬಾರದು ಎಂದು ಅದನ್ನು ಬರೆದವರು ತಮಗೆ ಬೇಕಾದ ಹಾಗೆ ಬರೆಯಬಹುದು. ಎಲ್ಲರೂ ಕೊಳ್ಳಬಹುದು, ತಂಡದವರು ಮಾತ್ರ ಮಾರಬಹುದು ಎಂದು ಬರೆದರೆ ಅದಕ್ಕೆ ಹನಿಪಾಟ್ ಅನ್ನುತ್ತಾರೆ.

2021ರ ಅಕ್ಟೋಬರ್ ಕೊನೆಯಲ್ಲಿ ಬಂದ ಸ್ಕ್ವಿಡ್ ಟೋಕನ್ ನೆನಪಿರಬಹುದು. ಜನಪ್ರಿಯ ಕೊರಿಯನ್ ಸರಣಿಯ ಹೆಸರು ಇಟ್ಟುಕೊಂಡಿತ್ತು, ಆ ಸರಣಿ ಮಾಡಿದವರಿಗೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ. ನವೆಂಬರ್ 1ರಂದು ಅದರ ಬೆಲೆ 2,800 ಡಾಲರ್ ದಾಟಿತು, ನಿಮಿಷಗಳಲ್ಲಿ ಸೊನ್ನೆಗೆ ಬಂತು. ಕೊಂಡವರು ಅದಕ್ಕೂ ಮೊದಲೇ ‘ಮಾರಲು ಆಗುತ್ತಿಲ್ಲ’ ಎಂದು ಬರೆಯುತ್ತಿದ್ದರು. ಗ್ರಾಫ್ ಅಷ್ಟು ನೆಟ್ಟಗೆ ಏರಿದ್ದೂ ಅದಕ್ಕೇ. ಮಾರುವವರೇ ಇಲ್ಲದ ಕಡೆ ಬೆಲೆ ಇಳಿಯುವುದು ಹೇಗೆ?

ಪರೀಕ್ಷೆ ಸುಲಭ. ಹೋದರೆ ಹೋಗಲಿ ಅನ್ನುವಷ್ಟು ಸಣ್ಣ ಮೊತ್ತ ಮಾತ್ರ ಇರುವ ಬೇರೆ ವಾಲೆಟ್ (ಕ್ರಿಪ್ಟೋ ಇಟ್ಟುಕೊಳ್ಳುವ ಖಾತೆ) ಮಾಡಿ. ಅದರಲ್ಲಿ ಸ್ವಲ್ಪ ಕೊಳ್ಳಿ. ಒಂದು ಗಂಟೆ ಬಿಟ್ಟು ಅರ್ಧ ಮಾರಿ. ಮಾರನೇ ದಿನ ಉಳಿದದ್ದು ಮಾರಿ. ಎಷ್ಟು ಕೈಗೆ ಬಂತು ಎಂದು ಬರೆದಿಟ್ಟುಕೊಳ್ಳಿ. ಕೆಲವು ಟೋಕನ್‌ಗಳು ಪ್ರತಿ ಮಾರಾಟದ ಮೇಲೆ ‘ಟ್ಯಾಕ್ಸ್’ ಹಿಡಿಯುತ್ತವೆ. ಅದು ಐದೋ ಹತ್ತೋ ಪರ್ಸೆಂಟ್ ಎಂದು ಹೇಳಿರುತ್ತಾರೆ. ಆದರೆ ಕಾಂಟ್ರ್ಯಾಕ್ಟ್‌ನಲ್ಲಿ ಆ ಸಂಖ್ಯೆ ಬದಲಿಸುವ ಅಧಿಕಾರ ಉಳಿಸಿಕೊಂಡಿದ್ದರೆ, ನಾಳೆ ತೊಂಬತ್ತೊಂಬತ್ತು ಮಾಡಬಹುದು.

ಆದ್ದರಿಂದ ಇವತ್ತು ಮಾರಲು ಆಯಿತು ಎಂಬುದಷ್ಟೇ ಸಾಲದು. ಈಥರ್‌ಸ್ಕ್ಯಾನ್‌ನಂಥ ಎಕ್ಸ್‌ಪ್ಲೋರರ್‌ನಲ್ಲಿ, ಅಂದರೆ ಬ್ಲಾಕ್‌ಚೈನ್‌ನ ದಾಖಲೆ ತೋರಿಸುವ ಸೈಟಿನಲ್ಲಿ, ಕಾಂಟ್ರ್ಯಾಕ್ಟ್ ವಿಳಾಸ ಹಾಕಿ ನೋಡಿ. ಕೋಡ್ ಎಲ್ಲರಿಗೂ ಕಾಣುವಂತೆ ಹಾಕಿಲ್ಲ ಎಂದರೆ ಮುಂದೆ ಹೋಗಬೇಡಿ. ಹಾಕಿದ್ದರೆ ಅದರಲ್ಲಿ ಮಿಂಟ್ (mint), ಪಾಸ್ (pause), ಬ್ಲ್ಯಾಕ್‌ಲಿಸ್ಟ್ (blacklist) ಎಂಬ ಪದಗಳನ್ನು ಹುಡುಕಿ. ಮಿಂಟ್ ಎಂದರೆ ಹೊಸ ಟೋಕನ್ ಸೃಷ್ಟಿಸುವ ಅಧಿಕಾರ. ಪಾಸ್ ಎಂದರೆ ಎಲ್ಲ ವಹಿವಾಟು ನಿಲ್ಲಿಸುವುದು. ಬ್ಲ್ಯಾಕ್‌ಲಿಸ್ಟ್ ಎಂದರೆ ಒಂದು ವಾಲೆಟ್‌ಗೆ ಬೀಗ ಹಾಕುವುದು. ಸೊಲಾನಾ ಎಂಬ ಬ್ಲಾಕ್‌ಚೈನ್‌ನಲ್ಲಾದರೆ ಮಿಂಟ್ ಅಥಾರಿಟಿ, ಫ್ರೀಜ್ ಅಥಾರಿಟಿ (ತಡೆಹಿಡಿಯುವ ಅಧಿಕಾರ) ಯಾರ ಹತ್ತಿರ ಇದೆ ಎಂದು ನೋಡಿ. ಇಂಥ ಅಧಿಕಾರ ಇದ್ದ ಮಾತ್ರಕ್ಕೆ ಮೋಸ ಅನ್ನಲು ಬರುವುದಿಲ್ಲ. ಹೆಸರಾಂತ ಡಾಲರ್ ಸ್ಟೇಬಲ್‌ಕಾಯಿನ್‌ಗಳಲ್ಲೂ (ಬೆಲೆ ಒಂದು ಡಾಲರಿನ ಹತ್ತಿರವೇ ಇರುವಂತೆ ಮಾಡಿದ ಟೋಕನ್‌ಗಳು) ವಾಲೆಟ್ ತಡೆಹಿಡಿಯುವ ಅಧಿಕಾರ ಇದೆ. ಆದರೆ ಅಲ್ಲಿ ಅದನ್ನು ಬಳಸುವ ಕಂಪನಿ ಯಾರು, ವಿಳಾಸ ಎಲ್ಲಿ ಎಂದು ಗೊತ್ತು. ಮುಖವೇ ಇಲ್ಲದವರ ಕೈಯಲ್ಲಿ ಬೀಗದ ಕೈ ಇದ್ದರೆ ನಾನು ಪ್ರಚಾರ ಮಾಡುವುದಿಲ್ಲ.

ಲಿಕ್ವಿಡಿಟಿ ಲಾಕ್ ಆಗಿದೆ ಅನ್ನುತ್ತಾರೆ. ಹಾಗಂದರೇನು? ಸಾಕಾ?

ಹೊಸ ಟೋಕನ್‌ಗಳು ಹೆಚ್ಚಾಗಿ ಯೂನಿಸ್ವಾಪ್‌ನಂಥ, ಟೋಕನ್ ಕೊಟ್ಟು ಟೋಕನ್ ಕೊಳ್ಳುವ ಕಡೆ ಶುರುವಾಗುತ್ತವೆ. ಅಲ್ಲಿ ತಂಡದವರು ಒಂದು ಪೂಲ್ ಮಾಡಿ, ಒಂದು ಕಡೆ ತಮ್ಮ ಟೋಕನ್, ಇನ್ನೊಂದು ಕಡೆ ಈಥರ್ ಅಥವಾ ಡಾಲರ್ ಸ್ಟೇಬಲ್‌ಕಾಯಿನ್ ಇಡುತ್ತಾರೆ. ಹೀಗೆ ಪೂಲಿನಲ್ಲಿ ಇಟ್ಟದ್ದೇ ಲಿಕ್ವಿಡಿಟಿ. ನೀವು ಮಾರಿದಾಗ ನಿಮಗೆ ಬರುವ ದುಡ್ಡು ಆ ಪೂಲಿನಿಂದಲೇ ಬರಬೇಕು. ಪೂಲಿಗೆ ದುಡ್ಡು ಹಾಕಿದವರಿಗೆ ಒಂದು ರಸೀದಿ ಟೋಕನ್ ಸಿಗುತ್ತದೆ. ಆ ರಸೀದಿ ಇದ್ದವರು ಯಾವಾಗ ಬೇಕಾದರೂ ದುಡ್ಡು ವಾಪಸ್ ತೆಗೆಯಬಹುದು. ತಂಡದವರು ರಾತ್ರೋರಾತ್ರಿ ಅದನ್ನೆಲ್ಲ ಬಾಚಿಕೊಂಡು ಹೋಗುವುದಕ್ಕೇ ರಗ್ ಪುಲ್ ಅನ್ನುವುದು. ಟೋಕನ್ ನಿಮ್ಮ ವಾಲೆಟ್‌ನಲ್ಲೇ ಇರುತ್ತದೆ, ಕೊಳ್ಳುವವರು ಮಾತ್ರ ಇರುವುದಿಲ್ಲ.

ಲಾಕ್ ಎಂದರೆ ಆ ರಸೀದಿಯನ್ನು ಇಷ್ಟು ದಿನ ಮುಟ್ಟದಂತೆ ಇನ್ನೊಂದು ಕಾಂಟ್ರ್ಯಾಕ್ಟ್‌ನಲ್ಲಿ ಇಡುವುದು. ನೀವು ನೋಡಬೇಕಾದದ್ದು ಎರಡು. ಎಷ್ಟು ಭಾಗ ಲಾಕ್ ಆಗಿದೆ, ಯಾವ ತಾರೀಖಿನವರೆಗೆ. ಮೂವತ್ತು ದಿನದ ಲಾಕ್ ಇದ್ದರೆ ಮೂವತ್ತೊಂದನೇ ದಿನ ಏನಾಗುತ್ತದೆ ಎಂದು ಕೇಳಿ. ಲಾಕ್ ಆಗಿದೆ ಎಂಬ ಬಾಯಿಮಾತನ್ನು ನಂಬಲೇಬೇಡಿ, ಲಾಕ್‌ನ ಲಿಂಕ್ ಕೇಳಿ. 2021ರ ಮಾರ್ಚ್‌ನಲ್ಲಿ ಶುರುವಾದ ಸೇಫ್‌ಮೂನ್‌ನವರು ಲಿಕ್ವಿಡಿಟಿ ಲಾಕ್ ಆಗಿದೆ, ಯಾರೂ ಮುಟ್ಟಲು ಆಗುವುದಿಲ್ಲ ಎಂದು ಹೇಳಿಕೊಂಡೇ ಲಕ್ಷಾಂತರ ಜನರನ್ನು ಸೇರಿಸಿದ್ದರು. ಅದನ್ನು ತೆಗೆದು ಸ್ವಂತಕ್ಕೆ ಬಳಸಿದರು ಎಂದು ಅಮೆರಿಕದಲ್ಲಿ 2023ರ ನವೆಂಬರ್‌ನಲ್ಲಿ ಕೇಸು ಬಿತ್ತು. 2025ರ ಮೇ ತಿಂಗಳಲ್ಲಿ ಅದರ ಸಿಇಒ ತಪ್ಪಿತಸ್ಥ ಎಂದು ತೀರ್ಪು ಬಂತು.

ಇನ್ನೊಂದು ಲೆಕ್ಕ. ಪೂಲಿನಲ್ಲಿ ಡಾಲರ್ ಕಡೆ ಬರೀ 20,000 ಇದೆ ಎಂದುಕೊಳ್ಳಿ. ಒಬ್ಬರ ಹತ್ತಿರ ಈಗಿನ ಬೆಲೆಯಲ್ಲಿ 20,000 ಡಾಲರ್ ಬಾಳುವ ಟೋಕನ್ ಇದೆ. ಎಲ್ಲ ಒಂದೇ ಸಲ ಮಾರಿದರೆ ಕೈಗೆ ಬರುವುದು ಸುಮಾರು 10,000. ಆಮೇಲೆ ಮಾರುವವರಿಗೆ ಸಿಗುವ ಬೆಲೆ ಮೊದಲಿನ ಕಾಲು ಭಾಗ. ಪ್ರಚಾರದ ಪೋಸ್ಟರ್ ಮೇಲೆ ‘ಮಾರ್ಕೆಟ್ ಕ್ಯಾಪ್ ಎರಡು ಕೋಟಿ ಡಾಲರ್’ (ಎಲ್ಲ ಟೋಕನ್‌ಗಳಿಗೂ ಈಗಿನ ಬೆಲೆ ಹಾಕಿದ ಮೊತ್ತ) ಎಂದು ಬರೆದಿದ್ದರೂ ಲೆಕ್ಕ ಇಷ್ಟೇ. ಮಾರ್ಕೆಟ್ ಕ್ಯಾಪ್ ನೋಡಬೇಡಿ, ಪೂಲ್ ನೋಡಿ.

ಟೋಕನ್ ಯಾರ ಯಾರ ಹತ್ತಿರ ಇದೆ ಅಂತ ನೋಡುವುದು ಹೇಗೆ?

ಎಕ್ಸ್‌ಪ್ಲೋರರ್‌ನಲ್ಲಿ ಹೋಲ್ಡರ್ಸ್ ಎಂಬ ಪುಟ ಇರುತ್ತದೆ. ಮೇಲಿನ ಸಾಲುಗಳಲ್ಲಿ ಪೂಲ್, ಎಕ್ಸ್‌ಚೇಂಜ್, ಸುಟ್ಟುಹಾಕಿದ ಟೋಕನ್‌ನ ವಿಳಾಸ ಬಂದರೆ ಅವನ್ನು ಬಿಟ್ಟು ಉಳಿದದ್ದು ನೋಡಿ.

ಇತ್ತೀಚೆಗೆ ನಾನು ನೋಡಿದ ಒಂದನ್ನು ಹೇಳುತ್ತೇನೆ. ‘ನಮ್ಮಲ್ಲಿ ದೊಡ್ಡ ತಿಮಿಂಗಿಲಗಳೇ ಇಲ್ಲ, ಯಾರ ಹತ್ತಿರವೂ ಐದು ಪರ್ಸೆಂಟ್‌ಗಿಂತ ಜಾಸ್ತಿ ಇಲ್ಲ’ ಎಂದಿದ್ದರು. ಪುಟ ತೆರೆದರೆ ಹೌದು, ಹಾಗೇ ಇತ್ತು. ಮೊದಲ ವಾಲೆಟ್‌ನಲ್ಲಿ 4.1, ಎರಡನೆಯದರಲ್ಲಿ 4.1, ಮೂರನೆಯದರಲ್ಲಿ 4.0. ಹೀಗೆ ಒಂಬತ್ತು ಸಾಲು ಹೆಚ್ಚುಕಡಿಮೆ ಒಂದೇ ಸಂಖ್ಯೆ. ಮನುಷ್ಯರು ಹೀಗೆ ಕೊಳ್ಳುವುದಿಲ್ಲ, ಅಲ್ವಾ? ಒಬ್ಬೊಬ್ಬರ ಜೇಬು ಒಂದೊಂದು ಥರ. ಒಂದೊಂದೇ ವಾಲೆಟ್ ಒತ್ತಿ ಕೊನೆಯ ಪುಟಕ್ಕೆ ಹೋದೆ, ಅಂದರೆ ಅದಕ್ಕೆ ಬಂದ ಮೊದಲ ಹಣಕ್ಕೆ. ಒಂಬತ್ತಕ್ಕೂ ಗ್ಯಾಸ್ (ವಹಿವಾಟಿನ ಶುಲ್ಕ) ದುಡ್ಡು ಬಂದಿದ್ದು ಒಂದೇ ವಾಲೆಟ್‌ನಿಂದ, ಒಂದೇ ದಿನ, ಹನ್ನೊಂದು ನಿಮಿಷದ ಒಳಗೆ. ಅಂದರೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಟೋಕನ್ ಒಬ್ಬರದೇ. ಇಷ್ಟು ನೋಡಲು ಅರ್ಧ ಗಂಟೆ ಹಿಡಿಯಿತು. ಆ ಅರ್ಧ ಗಂಟೆಯನ್ನು ದಯವಿಟ್ಟು ಉಳಿಸಲು ಹೋಗಬೇಡಿ.

ತಂಡದ ಪಾಲು ಯಾವಾಗ ಕೈಗೆ ಬರುತ್ತದೆ ಎಂದೂ ಕೇಳಿ. ಒಂದು ವರ್ಷ ಏನೂ ಸಿಗದೆ, ಆಮೇಲೆ ಎರಡು ಮೂರು ವರ್ಷ ಸ್ವಲ್ಪ ಸ್ವಲ್ಪವಾಗಿ ಬಿಡುಗಡೆ ಆಗುವಂತೆ ಕಾಂಟ್ರ್ಯಾಕ್ಟ್‌ನಲ್ಲೇ ಬರೆದಿದ್ದರೆ, ಅವರು ನಿಲ್ಲಲು ಬಂದಿದ್ದಾರೆ ಎಂಬುದಕ್ಕೆ ಅದೊಂದು ಗುರುತು. ಮೊದಲ ದಿನವೇ ಎಲ್ಲ ಕೈಗೆ ಸಿಗುವ ಹಾಗಿದ್ದರೆ ನಿಮ್ಮ ಓದುಗರು ಕೊಳ್ಳುವ ಹೊತ್ತಿಗೆ ಮಾರುವವರು ಆ ತಂಡದವರೇ.

ತಂಡದವರು ಹೆಸರು ಹೇಳುವುದಿಲ್ಲ. ಬಿಟ್‌ಕಾಯಿನ್ ಮಾಡಿದವರೂ ಹೇಳಿಲ್ಲವಲ್ಲ?

ಈ ಮಾತು ತುಂಬಾ ಕೇಳುತ್ತೇನೆ. ಸತೋಶಿ ನಕಮೊಟೊ ಯಾರೆಂದು ಇವತ್ತಿಗೂ ಗೊತ್ತಿಲ್ಲ, ನಿಜ. ಆದರೆ 2009ರ ಜನವರಿಯಲ್ಲಿ ಬಿಟ್‌ಕಾಯಿನ್ ಶುರುವಾದಾಗ ಯಾರೂ ಅವರಿಗೆ ಮುಂಗಡ ಕೊಟ್ಟಿರಲಿಲ್ಲ. ಪ್ರಿಸೇಲ್, ಅಂದರೆ ಶುರುವಾಗುವ ಮೊದಲೇ ಮಾರುವುದು, ಇರಲಿಲ್ಲ. ಕೋಡ್ ಎಲ್ಲರ ಮುಂದಿತ್ತು. ಹೆಸರು ಹೇಳದವರು ದುಡ್ಡನ್ನೂ ಕೇಳಿರಲಿಲ್ಲ. ಹೆಸರು ಹೇಳದೆ ದುಡ್ಡು ಕೇಳುವವರಿಗೆ ಆ ಹೋಲಿಕೆ ಹೊಂದುವುದಿಲ್ಲ.

ಇನ್ನು ಹೆಸರು, ಫೋಟೋ ಇದ್ದ ಮಾತ್ರಕ್ಕೂ ನಂಬಲು ಆಗುವುದಿಲ್ಲ. ಸೆಂಟ್ರಾ ಟೆಕ್ ಎಂಬ ಕಂಪನಿ 2017ರಲ್ಲಿ ಲೋಕದಲ್ಲೇ ಇಲ್ಲದ ಅಧಿಕಾರಿಯ ಹೆಸರು, ಫೋಟೋ, ಹಿನ್ನೆಲೆ ಎಲ್ಲ ಹಾಕಿತ್ತು. ವೀಸಾ, ಮಾಸ್ಟರ್‌ಕಾರ್ಡ್ ಜೊತೆ ಒಪ್ಪಂದ ಇದೆ ಎಂದೂ ಹೇಳಿತ್ತು, ಅದೂ ಸುಳ್ಳು. ಫೋಟೋ ಕಂಡರೆ ಇಮೇಜ್ ಸರ್ಚ್ ಮಾಡಿ. ‘ಪಾರ್ಟ್‌ನರ್’ ಎಂದು ದೊಡ್ಡ ಕಂಪನಿಯ ಲೋಗೋ ಇದ್ದರೆ ಆ ದೊಡ್ಡ ಕಂಪನಿಯ ಕಡೆಯಿಂದ ಒಂದು ಸಾಲಾದರೂ ಇದೆಯಾ ನೋಡಿ. ಒಪ್ಪಂದ ಎರಡೂ ಕಡೆಯಿಂದ ಕಾಣಬೇಕು.

ಮುಖ ಜಗತ್ತಿಗೇ ಗೊತ್ತಿದ್ದವರೂ ಮೋಸ ಮಾಡಿದ್ದಾರೆ. ಎಫ್‌ಟಿಎಕ್ಸ್ ಎಕ್ಸ್‌ಚೇಂಜ್ 2022ರ ನವೆಂಬರ್‌ನಲ್ಲಿ ಮುಳುಗಿತು. ಅದರ ಸ್ಥಾಪಕ ಸ್ಯಾಮ್ ಬ್ಯಾಂಕ್‌ಮನ್-ಫ್ರೀಡ್‌ಗೆ 2024ರ ಮಾರ್ಚ್‌ನಲ್ಲಿ 25 ವರ್ಷ ಜೈಲು ಶಿಕ್ಷೆ ಆಯಿತು.

ವೈಟ್‌ಪೇಪರ್ (ಪ್ರಾಜೆಕ್ಟ್ ಏನು ಮಾಡುತ್ತದೆ ಎಂದು ವಿವರಿಸುವ ದಾಖಲೆ) ಅರವತ್ತು ಪುಟ ಇದೆ. ಅದು ಒಳ್ಳೆಯ ಗುರುತಲ್ಲವಾ?

2008ರ ಅಕ್ಟೋಬರ್ 31ರಂದು ಬಂದ ಬಿಟ್‌ಕಾಯಿನ್ ವೈಟ್‌ಪೇಪರ್ ಒಂಬತ್ತೇ ಪುಟ. ಪುಟ ಎಣಿಸಬೇಡಿ. ಯಾವುದಾದರೂ ಎರಡು ವಾಕ್ಯ ತೆಗೆದು ಹಾಗೇ ಸರ್ಚ್‌ನಲ್ಲಿ ಹಾಕಿ. ಬೇರೆ ಪ್ರಾಜೆಕ್ಟ್‌ನಿಂದ ಎತ್ತಿದ್ದರೆ ತಕ್ಷಣ ಸಿಗುತ್ತದೆ. ಆಮೇಲೆ ನಿಮ್ಮನ್ನೇ ಕೇಳಿಕೊಳ್ಳಿ: ಈ ಕೆಲಸಕ್ಕೆ ಟೋಕನ್ ಯಾಕೆ ಬೇಕು? ಟೋಕನ್ ತೆಗೆದುಹಾಕಿದರೂ ಆ ಕೆಲಸ ಹಾಗೇ ನಡೆಯುತ್ತದೆ ಎಂದಾದರೆ, ಅದು ಇರುವುದು ಮಾರುವುದಕ್ಕಷ್ಟೇ.

ಆಡಿಟ್ ಆಗಿದೆ ಎಂಬ ಬ್ಯಾಡ್ಜ್ ಇದ್ದರೆ ಧೈರ್ಯವಾಗಿ ಹೇಳಬಹುದಾ?

ಆಡಿಟ್ ಎಂದರೆ ಕೋಡ್‌ನಲ್ಲಿ ತಪ್ಪು ಇದೆಯಾ ಎಂದು ನೋಡುವುದು. ಬರೆದವರ ಮನಸ್ಸು ಶುದ್ಧವಾಗಿದೆಯಾ ಎಂದು ನೋಡುವುದಲ್ಲ. 2023ರ ಏಪ್ರಿಲ್‌ನಲ್ಲಿ ಮರ್ಲಿನ್ ಎಂಬ ಹೊಸ ಎಕ್ಸ್‌ಚೇಂಜ್ ಆಡಿಟ್ ಮುಗಿಸಿದ ಬೆನ್ನಲ್ಲೇ ಅದರ ಪೂಲ್‌ಗಳಿಂದ ಸುಮಾರು 18 ಲಕ್ಷ ಡಾಲರ್ ಮಾಯವಾಯಿತು. ಒಳಗಿನವರ ಹತ್ತಿರವೇ ಅಧಿಕಾರ ಇತ್ತು.

ಬ್ಯಾಡ್ಜ್ ನೋಡಿ ಬಿಡಬೇಡಿ, ವರದಿ ತೆರೆಯಿರಿ. ಅದೂ ಪ್ರಾಜೆಕ್ಟ್‌ನವರ ಸೈಟಿನಿಂದ ಅಲ್ಲ, ಆಡಿಟ್ ಕಂಪನಿಯ ಸೈಟಿನಿಂದ. ವರದಿಯಲ್ಲಿರುವ ಕಾಂಟ್ರ್ಯಾಕ್ಟ್ ವಿಳಾಸವೂ ನಿಮ್ಮ ಮುಂದಿರುವ ವಿಳಾಸವೂ ಒಂದೇನಾ ನೋಡಿ. ‘ಸೆಂಟ್ರಲೈಸೇಷನ್’ (ಅಧಿಕಾರ ಕೆಲವರ ಕೈಯಲ್ಲೇ ಇರುವುದು) ಎಂಬ ತಲೆಬರಹದ ಕೆಳಗೆ ಏನು ಬರೆದಿದ್ದಾರೆ, ‘ಗಮನಕ್ಕೆ ತರಲಾಗಿದೆ, ಸರಿಪಡಿಸಿಲ್ಲ’ ಎಂದಿದೆಯಾ ಎಂದೂ ಓದಿ. ಮೋಸದ ದಾರಿ ಎಷ್ಟೋ ಸಲ ಅಲ್ಲೇ ಅಚ್ಚಾಗಿರುತ್ತದೆ.

ದಿನಕ್ಕೆ ಇಷ್ಟು ಪರ್ಸೆಂಟ್ ಗ್ಯಾರಂಟಿ ಅನ್ನುತ್ತಾರೆ...

ಬೇಡ. ಇದಕ್ಕೆ ಉದ್ದ ಉತ್ತರ ಬೇಕಿಲ್ಲ, ಆದರೂ ಎರಡು ಹೆಸರು ಹೇಳುತ್ತೇನೆ. ಬಿಟ್‌ಕನೆಕ್ಟ್ ದಿನಕ್ಕೆ ಸುಮಾರು ಒಂದು ಪರ್ಸೆಂಟ್ ಆಸೆ ತೋರಿಸಿ 2018ರ ಜನವರಿಯಲ್ಲಿ ಬಾಗಿಲು ಹಾಕಿತು. ಟೆರಾ ಎಂಬ ಬ್ಲಾಕ್‌ಚೈನ್‌ನ ಆ್ಯಂಕರ್ ಎಂಬ ಠೇವಣಿ ಯೋಜನೆ ವರ್ಷಕ್ಕೆ ಇಪ್ಪತ್ತು ಪರ್ಸೆಂಟ್ ಹತ್ತಿರ ಕೊಡುತ್ತಿತ್ತು. 2022ರ ಮೇ ತಿಂಗಳಲ್ಲಿ ಕೆಲವೇ ದಿನಗಳಲ್ಲಿ ಸುಮಾರು 4,000 ಕೋಟಿ ಡಾಲರ್ ಮೌಲ್ಯ ಕರಗಿತು. ಬಡ್ಡಿ ಎಲ್ಲಿಂದ ಬರುತ್ತದೆ ಎಂದು ಒಂದೇ ವಾಕ್ಯದಲ್ಲಿ ಹೇಳಲು ಆಗದಿದ್ದರೆ, ಅದು ಹೊಸಬರ ದುಡ್ಡಿನಿಂದ ಬರುತ್ತಿದೆ.

ರೆಫರಲ್ ಲಿಂಕ್ ಕೊಟ್ಟಿದ್ದಾರೆ. ಸೇರಿಸಿದವರ ದುಡ್ಡಿನಲ್ಲಿ ನನಗೆ ಪಾಲು. ಇದರಲ್ಲಿ ತಪ್ಪೇನು?

ಎಕ್ಸ್‌ಚೇಂಜ್‌ಗಳು ವಹಿವಾಟಿನ ಶುಲ್ಕದಲ್ಲಿ ಸ್ವಲ್ಪ ಪಾಲು ಕೊಡುವುದುಂಟು. ಅದು ಅವರ ಗಳಿಕೆಯಿಂದ ಬರುತ್ತದೆ. ಸೇರಿದವರು ಹಾಕಿದ ಅಸಲಿನಿಂದಲೇ ನಿಮಗೆ ಪಾಲು, ಅವರು ಸೇರಿಸಿದವರ ಅಸಲಿನಿಂದಲೂ ಪಾಲು ಎಂದರೆ ಅದು ಚೈನ್ ಸ್ಕೀಮ್. ಒನ್‌ಕಾಯಿನ್ ಹೀಗೇ 2014ರಿಂದ ಜಗತ್ತಿನ ತುಂಬಾ ಸುಮಾರು 400 ಕೋಟಿ ಡಾಲರ್ ಎತ್ತಿತು. ಅದಕ್ಕೆ ಎಲ್ಲರೂ ನೋಡಬಹುದಾದ ಬ್ಲಾಕ್‌ಚೈನೇ ಇರಲಿಲ್ಲ. ‘ಬೆಲೆ’ ಕಂಪನಿಯ ಸೈಟಿನಲ್ಲಿ ಅವರೇ ಬರೆದ ಸಂಖ್ಯೆ. ಸ್ಥಾಪಕಿ ರುಜಾ ಇಗ್ನಾಟೋವಾ 2017ರ ಅಕ್ಟೋಬರ್‌ನಿಂದ ಪತ್ತೆ ಇಲ್ಲ. 2022ರಲ್ಲಿ ಅಮೆರಿಕದ ಎಫ್‌ಬಿಐ ಆಕೆಯನ್ನು ತನ್ನ ಹತ್ತು ಮುಖ್ಯ ಆರೋಪಿಗಳ ಪಟ್ಟಿಗೆ ಸೇರಿಸಿತು.

ಒನ್‌ಕಾಯಿನ್ ಮಾರಿದವರಲ್ಲಿ ಬಹಳಷ್ಟು ಜನ ಕೆಟ್ಟವರಾಗಿರಲಿಲ್ಲ. ತಮ್ಮ ಅಕ್ಕ, ತಮ್ಮ, ಗೆಳೆಯರಿಗೆ ಒಳ್ಳೆಯದಾಗಲಿ ಎಂದೇ ಸೇರಿಸಿದರು. ನನಗೆ ಇದು ತುಂಬಾ ಸಂಕಟದ ವಿಷಯ. ಮೋಸ ಮಾಡುವವರು ಬಳಸಿಕೊಂಡಿದ್ದು ಆ ಪ್ರೀತಿಯನ್ನೇ.

ದೊಡ್ಡ ದೊಡ್ಡವರೇ ಇದರ ಬಗ್ಗೆ ಪೋಸ್ಟ್ ಹಾಕಿದ್ದಾರಲ್ಲ?

ಅವರೂ ನೋಡಿರುವುದಿಲ್ಲ. ಕಿಮ್ ಕಾರ್ಡಾಶಿಯನ್ 2021ರಲ್ಲಿ ಈಥೀರಿಯಂಮ್ಯಾಕ್ಸ್ ಎಂಬ ಟೋಕನ್ ಬಗ್ಗೆ ಒಂದು ಪೋಸ್ಟ್ ಹಾಕಿ ಎರಡೂವರೆ ಲಕ್ಷ ಡಾಲರ್ ಪಡೆದಿದ್ದರು, ಅದನ್ನು ಹೇಳಿರಲಿಲ್ಲ. 2022ರ ಅಕ್ಟೋಬರ್‌ನಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿ ಜೊತೆ ರಾಜಿ ಮಾಡಿಕೊಂಡು 12.6 ಲಕ್ಷ ಡಾಲರ್ ಕಟ್ಟಲು ಒಪ್ಪಿದರು. 2025ರ ಫೆಬ್ರವರಿ 14ರಂದು ಅರ್ಜೆಂಟೀನಾದ ಅಧ್ಯಕ್ಷ ಹವಿಯೆರ್ ಮಿಲೇ ಲಿಬ್ರಾ ಎಂಬ ಟೋಕನ್ ಬಗ್ಗೆ ಪೋಸ್ಟ್ ಹಾಕಿದರು. ಕೆಲವೇ ಗಂಟೆಗಳಲ್ಲಿ ಅದು ನೆಲಕಚ್ಚಿತು, ಅವರು ಪೋಸ್ಟ್ ಅಳಿಸಿದರು. ದೇಶದ ಅಧ್ಯಕ್ಷರ ಪೋಸ್ಟೂ ಪೂಲಿನಲ್ಲಿ ದುಡ್ಡು ಉಳಿಸಲಿಲ್ಲ.

ಇನ್ನು ಆ ಪೋಸ್ಟ್ ಅವರದೇನಾ ಎಂಬುದೂ ಇದೆ. 2020ರ ಜುಲೈ 15ರಂದು ಒಬಾಮಾ, ಬಿಲ್ ಗೇಟ್ಸ್, ಮಸ್ಕ್ ಅವರ ಟ್ವಿಟರ್ ಖಾತೆಗಳಿಂದಲೇ ‘ಬಿಟ್‌ಕಾಯಿನ್ ಕಳಿಸಿ, ಎರಡರಷ್ಟು ವಾಪಸ್ ಕೊಡುತ್ತೇವೆ’ ಎಂದು ಬಂದಿತ್ತು. ಖಾತೆಗಳನ್ನು ಕದ್ದಿದ್ದರು. ಈಗ ಎಐ ಮಾಡಿದ ವಿಡಿಯೋಗಳೂ ಸೇರಿವೆ.

ಟೆಲಿಗ್ರಾಂನಲ್ಲಿ ಐವತ್ತು ಸಾವಿರ ಜನ ಇದ್ದಾರೆ.

ಸದಸ್ಯರನ್ನು ದುಡ್ಡಿಗೆ ಕೊಳ್ಳಬಹುದು. ಗ್ರೂಪ್‌ಗೆ ಸೇರಿ ಒಂದು ಸಾದಾ ಪ್ರಶ್ನೆ ಕೇಳಿ: ‘ಲಿಕ್ವಿಡಿಟಿ ಲಾಕ್‌ನ ಲಿಂಕ್ ಕೊಡುತ್ತೀರಾ?’ ಒಳ್ಳೆಯ ತಂಡದವರು ಲಿಂಕ್ ಕೊಡುತ್ತಾರೆ. ನಿಮ್ಮನ್ನು ‘ಹೆದರಿಸುವವರು’ ಎಂದು ಕರೆದು ಹೊರಗೆ ಹಾಕಿದರೆ ಉತ್ತರ ಸಿಕ್ಕಂತೆಯೇ.

ಕಾಯಿನ್‌ಗೆಕೋ, ಕಾಯಿನ್‌ಮಾರ್ಕೆಟ್‌ಕ್ಯಾಪ್‌ನಲ್ಲಿ ಪಟ್ಟಿ ಆಗಿದೆ. ಅಂದರೆ ಪರೀಕ್ಷೆ ಆಗಿದೆ ತಾನೇ?

ಇಲ್ಲ. ಅಲ್ಲಿ ಬರುವುದು ಬೆಲೆಯ ಮಾಹಿತಿ. ಸ್ಕ್ವಿಡ್ ಟೋಕನ್‌ಗೂ ಕಾಯಿನ್‌ಮಾರ್ಕೆಟ್‌ಕ್ಯಾಪ್‌ನಲ್ಲಿ ಪುಟ ಇತ್ತು.

ಟೋಕನ್ ರೂಪದಲ್ಲೇ ಹಣ ಕೊಡುತ್ತೇವೆ ಅನ್ನುತ್ತಾರೆ. ಒಪ್ಪಿಕೊಳ್ಳಲಾ?

ನನ್ನ ಕಥೆ ಇಲ್ಲಿಗೆ ಬರುತ್ತದೆ. ನನಗೂ ಅರ್ಧ ಸ್ಟೇಬಲ್‌ಕಾಯಿನ್, ಅರ್ಧ ಅವರ ಟೋಕನ್ ಕೊಟ್ಟಿದ್ದರು. ಸೈಟ್ ಚೆನ್ನಾಗಿತ್ತು, ಮಾತಾಡಿದ ಹುಡುಗ ವಿನಯದಿಂದ ಮಾತಾಡಿದ. ನಾನು ಎರಡು ಪೋಸ್ಟ್ ಹಾಕಿದೆ. ಬೆಲೆ ಏರಿದಾಗ ನನ್ನ ಪಾಲಿನಲ್ಲಿ ಸ್ವಲ್ಪ ಮಾರಿದೆ, ಗ್ರೂಪ್‌ನಲ್ಲಿ ಹೇಳಲಿಲ್ಲ. ಹತ್ತೊಂಬತ್ತನೇ ದಿನ ಬೆಳಿಗ್ಗೆ ಫೋನ್ ತೆಗೆದರೆ ಪೂಲ್ ಖಾಲಿ. ಸೈಟ್ ಇಲ್ಲ, ಹುಡುಗನ ಖಾತೆ ಇಲ್ಲ. ಗ್ರೂಪ್‌ನಲ್ಲಿ ಯಾವಾಗಲೂ ಎಲ್ಲರಿಗೂ ಸಹಾಯ ಮಾಡುವ ಒಬ್ಬರು ಖಾಸಗಿಯಾಗಿ ಒಂದೇ ಸಾಲು ಕಳಿಸಿದ್ದರು: ‘ನೀವು ಹೇಳಿದಿರಿ ಅಂತ ಹಾಕಿದ್ದೆ.’ ಬೈದಿರಲಿಲ್ಲ. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಟೋಕನ್ ಪಡೆದರೆ ಏನಾಗುತ್ತದೆ ಎಂದು ಆಗ ಅರ್ಥವಾಯಿತು. ನಿಮ್ಮ ಸಂಬಳ ಕೈಗೆ ಬರಬೇಕಾದರೆ ನಿಮ್ಮ ಓದುಗರು ಕೊಳ್ಳಬೇಕು. ಅವರು ಕೊಂಡಾಗ ನೀವು ಮಾರಬೇಕು. ಪ್ರಚಾರ ಮಾಡುತ್ತಾ ಮಾಡುತ್ತಾ ಅವರ ಎದುರು ಪಾರ್ಟಿ ಆಗಿಬಿಡುತ್ತೀರಿ. ನಾನು ಈಗ ಟೋಕನ್ ತೆಗೆದುಕೊಳ್ಳುವುದಿಲ್ಲ. ತೆಗೆದುಕೊಳ್ಳಲೇಬೇಕೆಂದಿದ್ದರೆ ಎಷ್ಟು ತೆಗೆದುಕೊಂಡಿರಿ, ಯಾವ ತಾರೀಖಿನವರೆಗೆ ಮಾರುವುದಿಲ್ಲ, ವಾಲೆಟ್ ಯಾವುದು ಎಂದು ಮೊದಲೇ ಎಲ್ಲರಿಗೂ ಹೇಳಿ.

ದುಡ್ಡು ಪಡೆದಿದ್ದನ್ನು ಹೇಳಲೇಬೇಕಾ? ಕೆಳಗೆ ‘ಇದು ಹಣಕಾಸು ಸಲಹೆ ಅಲ್ಲ’ ಎಂದು ಹಾಕಿದರೆ ಸಾಲದಾ?

ಹೇಳಲೇಬೇಕು. ಆ ಒಂದು ಸಾಲು ನಿಮ್ಮನ್ನು ಕಾಯುವುದಿಲ್ಲ. ಅಮೆರಿಕದಲ್ಲಿ ಷೇರಿನಂಥದ್ದಕ್ಕೆ ದುಡ್ಡು ಪಡೆದು ಪ್ರಚಾರ ಮಾಡಿದರೆ, ಪಡೆದಿದ್ದನ್ನೂ ಎಷ್ಟು ಎಂಬುದನ್ನೂ ಹೇಳಬೇಕು ಎಂಬ ನಿಯಮ 1933ರ ಕಾಯ್ದೆಯಲ್ಲೇ ಇದೆ. ಸೆಂಟ್ರಾ ಟೆಕ್ ಪ್ರಚಾರಕ್ಕೆ ಪಡೆದ ಹಣ ಮುಚ್ಚಿಟ್ಟಿದ್ದಕ್ಕೆ ಬಾಕ್ಸರ್ ಫ್ಲಾಯ್ಡ್ ಮೇವೆದರ್, ಡಿಜೆ ಖಾಲಿದ್ ಇಬ್ಬರೂ 2018ರಲ್ಲಿ ದಂಡ ಕಟ್ಟಿದರು. ಬ್ರಿಟನ್‌ನಲ್ಲಿ 2023ರ ಅಕ್ಟೋಬರ್ 8ರಿಂದ ಕ್ರಿಪ್ಟೋ ಪ್ರಚಾರಕ್ಕೆ ಬಿಗಿ ನಿಯಮ ಬಂದಿದೆ. ಮುರಿದರೆ ಎರಡು ವರ್ಷದವರೆಗೆ ಜೈಲು. ಸ್ನೇಹಿತರನ್ನು ಸೇರಿಸಿದರೆ ಬೋನಸ್ ಎಂಬುದನ್ನೇ ಅಲ್ಲಿ ನಿಷೇಧಿಸಿದ್ದಾರೆ. ಬಿಟ್‌ಕನೆಕ್ಟ್‌ನ ಅಮೆರಿಕದ ಮುಖ್ಯ ಪ್ರಚಾರಕನಿಗೆ 2022ರಲ್ಲಿ 38 ತಿಂಗಳು ಜೈಲಾಯಿತು. ನಿಮ್ಮ ದೇಶದ ನಿಯಮ ಏನೆಂದು ಒಮ್ಮೆ ತಿಳಿದವರ ಹತ್ತಿರ ಕೇಳಿಕೊಳ್ಳಿ.

ಕಾನೂನು ಬದಿಗಿಟ್ಟರೂ, ಪೋಸ್ಟ್‌ನ ಮೊದಲ ಸಾಲಿನಲ್ಲೇ ‘ಇದಕ್ಕೆ ನನಗೆ ಇಷ್ಟು ಕೊಟ್ಟಿದ್ದಾರೆ’ ಎಂದು ಬರೆಯಿರಿ. ಹಾಗೆ ಬರೆಯಲು ಪ್ರಾಜೆಕ್ಟ್‌ನವರು ಒಪ್ಪದಿದ್ದರೆ ಅವರಿಗೆ ಬೇಕಾಗಿರುವುದು ಜಾಹೀರಾತಲ್ಲ, ನಿಮ್ಮ ಹೆಸರಿನ ನಂಬಿಕೆ.

ಏರ್‌ಡ್ರಾಪ್ (ಟೋಕನ್ ಸುಮ್ಮನೆ ಹಂಚುವುದು) ಉಚಿತ ತಾನೇ? ಆ ಲಿಂಕ್ ಹಾಕಬಹುದಾ?

ಉಚಿತ ಎಂದೇ ಜನ ಜಾಸ್ತಿ ಯೋಚಿಸದೆ ಒತ್ತುತ್ತಾರೆ. ಲಿಂಕ್ ತೆರೆದು ವಾಲೆಟ್ ಕನೆಕ್ಟ್ ಮಾಡಿ ಒಂದು ಸಹಿ ಹಾಕಿದರೆ, ಆ ಸಹಿ ವಾಲೆಟ್‌ನಲ್ಲಿರುವ ಬೇರೆ ಟೋಕನ್‌ಗಳನ್ನೆಲ್ಲ ಎತ್ತಲು ಕೊಟ್ಟ ಅನುಮತಿ ಆಗಿರಬಹುದು. ಖಾಲಿ ವಾಲೆಟ್‌ನಲ್ಲಿ ನೀವೇ ಮೊದಲು ಮಾಡಿ ನೋಡಿ. ಸಹಿ ಕೇಳುವ ಪರದೆಯಲ್ಲಿ ‘ಅನುಮತಿ’ ಯಾವ ಟೋಕನ್‌ಗೆ, ಎಷ್ಟಕ್ಕೆ ಎಂದು ಓದಿ. ವಾಲೆಟ್‌ನ ಬೀಗದ ಕೈಯಾದ ಹನ್ನೆರಡು ಅಥವಾ ಇಪ್ಪತ್ನಾಲ್ಕು ಪದಗಳ ಸೀಡ್ ಫ್ರೇಸ್ ಯಾರು ಕೇಳಿದರೂ, ಯಾವ ಕಾರಣಕ್ಕೆ ಕೇಳಿದರೂ ಅದು ಕಳ್ಳತನ.

ಸೋತ ಪ್ರಾಜೆಕ್ಟ್ ಎಲ್ಲ ಮೋಸವಾ?

ಅಲ್ಲ, ದಯವಿಟ್ಟು ಹಾಗೆ ಅನ್ನಬೇಡಿ. ಪ್ರಾಮಾಣಿಕವಾಗಿ ದುಡಿದು ಸೋತವರನ್ನು ನೋಡಿದ್ದೇನೆ. ಅವರ ಕೋಡ್ ಬದಲಾವಣೆಗಳು ಕೊನೆಯ ವಾರದವರೆಗೂ ಕಾಣುತ್ತಿದ್ದವು. ದುಡ್ಡು ಮುಗಿಯುತ್ತಿದೆ ಎಂದು ಮೊದಲೇ ಹೇಳಿದರು. ಪೂಲ್ ಮುಟ್ಟಲಿಲ್ಲ, ಬೆಲೆ ಬಿದ್ದಿದ್ದರೂ ಬೇಕಾದವರು ಮಾರಿ ಹೋದರು. ಅಂಥವರ ಪ್ರಚಾರ ಮಾಡಿದ್ದಕ್ಕೆ ನನಗೆ ಬೇಜಾರಿಲ್ಲ.

ಈಗಾಗಲೇ ಪ್ರಚಾರ ಮಾಡಿದ್ದೇನೆ. ಈಗ ಅನುಮಾನ ಬರುತ್ತಿದೆ. ಏನು ಮಾಡಲಿ?

ಇವತ್ತೇ ಹೇಳಿ. ಪಕ್ಕಾ ಆಗಲಿ ಎಂದು ಕಾಯಬೇಡಿ. ಪಕ್ಕಾ ಆಗುವ ಹೊತ್ತಿಗೆ ಪೂಲ್ ಇರುವುದಿಲ್ಲ. ಹಳೆಯ ಪೋಸ್ಟ್ ಅಳಿಸಬೇಡಿ, ಅದರ ಮೇಲೆಯೇ ಬರೆಯಿರಿ: ‘ಇದನ್ನು ನಾನು ಹೇಳಿದ್ದೆ. ಈಗ ಇಂಥದ್ದು ಕಂಡಿದೆ, ಲಿಂಕ್ ಇಲ್ಲಿದೆ. ನಾನು ಇಷ್ಟು ಪಡೆದಿದ್ದೆ.’ ನಿಮ್ಮ ಹತ್ತಿರ ಟೋಕನ್ ಉಳಿದಿದ್ದರೆ, ಮೊದಲು ಮಾರಿ ಆಮೇಲೆ ಹೇಳುವುದು ಬೇಡ. ಮೊದಲು ಹೇಳಿ. ಪ್ರಾಜೆಕ್ಟ್‌ನವರ ಜೊತೆಗಿನ ಮಾತುಕತೆ, ಹಣ ಬಂದ ವಹಿವಾಟು ಎಲ್ಲ ಉಳಿಸಿಟ್ಟುಕೊಳ್ಳಿ. ದೂರು ಕೊಡುವವರಿಗೆ ಅದು ಬೇಕಾಗುತ್ತದೆ.

ದುಡ್ಡು ಕಳೆದುಕೊಂಡವರು ಮೆಸೇಜ್ ಮಾಡುತ್ತಿದ್ದಾರೆ. ಏನು ಉತ್ತರ ಕೊಡಲಿ?

ಉತ್ತರ ಕೊಡಿ, ಅದೇ ದೊಡ್ಡದು. ಮೊದಲು ಮೋಸದ ಸೈಟಿಗೆ ಕೊಟ್ಟ ಅನುಮತಿಗಳನ್ನು ವಾಲೆಟ್‌ನಿಂದ ತೆಗೆಯಲು ಹೇಳಿ. ಸೀಡ್ ಫ್ರೇಸ್ ಕೊಟ್ಟುಬಿಟ್ಟಿದ್ದರೆ ಉಳಿದದ್ದನ್ನು ತಕ್ಷಣ ಹೊಸ ವಾಲೆಟ್‌ಗೆ ಸಾಗಿಸಲು ಹೇಳಿ. ಪೊಲೀಸರ ಸೈಬರ್ ವಿಭಾಗಕ್ಕೆ ವಹಿವಾಟಿನ ಸಂಖ್ಯೆಗಳ ಜೊತೆ ದೂರು ಕೊಡಲಿ. ಹಣ ಯಾವುದಾದರೂ ಎಕ್ಸ್‌ಚೇಂಜ್‌ಗೆ ಹೋಗಿದ್ದರೆ ಅಲ್ಲಿಗೂ ಬರೆಯಲಿ. ಬೇಗ ಬರೆದರೆ ಕೆಲವು ಸಲ ತಡೆಹಿಡಿಯುತ್ತಾರೆ.

ಒಂದು ಎಚ್ಚರಿಕೆ ಮರೆಯದೆ ಕೊಡಿ. ಅವರು ಎಲ್ಲಾದರೂ ನಷ್ಟದ ಬಗ್ಗೆ ಬರೆದುಕೊಂಡ ಸ್ವಲ್ಪ ಹೊತ್ತಿಗೆ ‘ನಿಮ್ಮ ಹಣ ವಾಪಸ್ ತರಿಸುತ್ತೇವೆ, ಸ್ವಲ್ಪ ಶುಲ್ಕ ಮುಂಗಡ ಕೊಡಿ’ ಎಂದು ಯಾರೋ ಬರುತ್ತಾರೆ. ಅದು ಎರಡನೇ ಮೋಸ. ನನಗೆ ಆ ಒಂದು ಸಾಲು ಕಳಿಸಿದ್ದವರ ಹತ್ತಿರಕ್ಕೂ ಅದೇ ವಾರ ಅಂಥವರು ಬಂದಿದ್ದರು. ಅಷ್ಟರಲ್ಲಿ ನಾನು ಫೋನ್ ಮಾಡಿ ಹೇಳಿದ್ದೆ, ಅದಕ್ಕೆ ಅವರು ದುಡ್ಡು ಕಳಿಸಲಿಲ್ಲ.